ಮಜ್ಜಿಗೆಯಲ್ಲಿ ಕಾಯುವುದು ಯಾವುದು?

ಮಿರಗದ ಮಳೆ ಹಿಡಿದು ವರದೆ, ಕುಮುದ್ವತಿಗಳಲ್ಲಿ ಕೆಂಪು ನೀರು ಬರುವ ಹೊತ್ತಿಗೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ವಾಂತಿ-ಭೇದಿಯ ಮಾತೂ ಶುರುವಾಗುತ್ತದೆ. ಆಗ ಹಿರಿಯರು ಹೇಳುವ ಮದ್ದು ಒಂದೇ: "ಹೊಟ್ಟಿ ಕೆಟ್ಟೈತಿ ಅಂದ್ರ ಉಪ್ಪು ಹಾಕಿ ಮಜ್ಜಿಗಿ ಕುಡಿಯೋ ತಮ್ಮಾ." ಪೇಟೆಯ ಔಷಧ ಅಂಗಡಿಯವರು ಅದನ್ನೇ ಇನ್ನೊಂದು ರೂಪದಲ್ಲಿ ಕೊಡುತ್ತಾರೆ. ಆಂಟಿಬಯಾಟಿಕ್ ಮಾತ್ರೆಗಳ ಜೊತೆಗೆ ಪ್ರೊಬಯಾಟಿಕ್ ಪುಡಿಯ ಒಂದೆರಡು ಪೊಟ್ಟಣ. ಅಜ್ಜಿಯ ಚರಿಗೆಗೂ ಅಂಗಡಿಯ ಪೊಟ್ಟಣಕ್ಕೂ ಹಿಂದಿರುವ ನಂಬಿಕೆ ಒಂದೇ. ಒಳ್ಳೆಯ ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೆ ಕೆಟ್ಟವು ಜಾಗ ಖಾಲಿ ಮಾಡುತ್ತವೆ.

ಇದರಲ್ಲಿ ನಿಜವಿದೆ. ಆದರೆ ನಾವು ಹುಡುಕುವ ಜಾಗದಲ್ಲಿ ಅದು ಪೂರ್ತಿ ಇಲ್ಲ. ಕಳೆದ ಎರಡು ದಶಕಗಳ ಸಂಶೋಧನೆ ಹೇಳುವುದೇನೆಂದರೆ, ಕರುಳಿನ ಸೋಂಕನ್ನು ತಡೆಯುವ ಕೆಲಸದಲ್ಲಿ ಬ್ಯಾಕ್ಟೀರಿಯಾ ಎಷ್ಟು ಮುಖ್ಯವೋ ಅದು ಒಳಗೆ ಕೂತು ತಯಾರಿಸುವ ರಾಸಾಯನಿಕವೂ ಅಷ್ಟೇ ಮುಖ್ಯ. ಯಾವ ತಳಿ, ಅದು ಏನನ್ನು ತಯಾರಿಸುತ್ತದೆ, ಕರುಳಿನ ಯಾವ ಭಾಗದಲ್ಲಿ, ಯಾವ ರೋಗಾಣುವಿನ ಎದುರು ಎಂಬ ಪ್ರಶ್ನೆಗಳನ್ನು ಕೇಳದೆ "ಪ್ರೊಬಯಾಟಿಕ್ ಒಳ್ಳೆಯದು" ಎನ್ನುವುದು ಬರಿ ಜಾಹೀರಾತಿನ ಮಾತು.

ಮೊದಲು ಎಲ್ಲರಿಗೂ ಗೊತ್ತಿರುವ ರಾಸಾಯನಿಕವನ್ನೇ ನೋಡೋಣ. ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಏರಿ ಪಿಎಚ್ ಸುಮಾರು 4.5ಕ್ಕೆ ಇಳಿದಾಗ ಹಾಲು ಗಟ್ಟಿಯಾಗುತ್ತದೆ. ಈ ಹುಳಿಯಲ್ಲಿ ಬಹಳಷ್ಟು ರೋಗಾಣುಗಳು ಬೆಳೆಯಲಾರವು. ಆಮ್ಲದ ಕಣ ರೋಗಾಣುವಿನ ಪೊರೆ ದಾಟಿ ಒಳಗೆ ಹೋಗಿ ಅಲ್ಲಿ ಒಡೆದುಕೊಳ್ಳುತ್ತದೆ. ಒಳಗಿನ ಹುಳಿಯನ್ನು ಹೊರಹಾಕುವುದರಲ್ಲೇ ರೋಗಾಣುವಿನ ಶಕ್ತಿ ಸವೆಯುತ್ತದೆ. ಹಾಲಿಗಿಂತ ಮೊಸರು ಹೆಚ್ಚು ದಿನ ಬಾಳುವುದು ಇದರಿಂದಲೇ. ಆದರೆ ಗಡಿಗೆಯಲ್ಲಿ ಕಾವಲಿದ್ದ ಈ ಹುಳಿ ಕರುಳಿಗೆ ಇಳಿದಾಗ ಉಳಿಯುವುದಿಲ್ಲ. ಜಠರ ದಾಟಿದ ಕೂಡಲೇ ಮೇದೋಜೀರಕ ಗ್ರಂಥಿಯಿಂದ ಕ್ಷಾರದ ರಸ ಬಂದು ಆಮ್ಲವನ್ನು ಶಮನ ಮಾಡುತ್ತದೆ. ಸಣ್ಣಕರುಳಿನಲ್ಲಿ ಕೆಲಸ ಮಾಡಬೇಕಾದದ್ದು ಬೇರೆಯದೇ ಅಸ್ತ್ರ.

ಅಂಥ ಅಸ್ತ್ರಗಳಲ್ಲಿ ಹೆಸರುವಾಸಿಯಾದದ್ದು ಬ್ಯಾಕ್ಟೀರಿಯೊಸಿನ್ ಎಂಬ ಗುಂಪು. ಒಂದು ಬ್ಯಾಕ್ಟೀರಿಯಾ ತನ್ನ ಪಕ್ಕದವರನ್ನು ಕೊಲ್ಲಲು ಮಾಡಿಕೊಳ್ಳುವ ಪುಟ್ಟ ಪ್ರೊಟೀನುಗಳಿವು. ಮೊದಲನೆಯ ಸುಳಿವು ಸಿಕ್ಕಿದ್ದು ಹಾಲಿನಲ್ಲೇ. ಮೊಸರಿನಲ್ಲಿ ಸಿಗುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಜಾತಿಯ ಕೆಲವು ತಳಿಗಳು ಬೇರೆ ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡುವುದಿಲ್ಲ ಎಂಬುದನ್ನು ಅಮೆರಿಕದಲ್ಲಿ 1928ರಲ್ಲಿ ಗಮನಿಸಿದರು. 1947ರಲ್ಲಿ ಆ ವಸ್ತುವಿಗೆ ನಿಸಿನ್ ಎಂಬ ಹೆಸರು ಬಂತು. ರೋಗಾಣು ತನ್ನ ಗೋಡೆ ಕಟ್ಟಲು ಬಳಸುವ ಒಂದು ಕಚ್ಚಾವಸ್ತುವನ್ನೇ ಹಿಡಿದುಕೊಂಡು ನಿಸಿನ್ ಪೊರೆಯಲ್ಲಿ ತೂತು ಕೊರೆಯುತ್ತದೆ. ಗೋಡೆ ಕಟ್ಟುವ ಕೆಲಸ ನಿಲ್ಲುತ್ತದೆ, ಒಳಗಿನದು ಸೋರುತ್ತದೆ. ಸಂಸ್ಕರಿಸಿದ ಚೀಸ್ ಪೊಟ್ಟಣದ ಮೇಲೆ ಸಂರಕ್ಷಕ 234 ಎಂದು ಬರೆದಿದ್ದರೆ ಅದು ಈ ನಿಸಿನ್ನೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ತಯಾರಿಸುವ ಪೀಡಿಯೊಸಿನ್‌ನಂಥ ಬ್ಯಾಕ್ಟೀರಿಯೊಸಿನ್‌ಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದ್ದಾರೆ.

ಹಾಗಾದರೆ ಮೊಸರು ತಿಂದವರಿಗೆ ನಿಸಿನ್ ಕಾವಲು ಸಿಕ್ಕಂತೆಯೇ? ಇಲ್ಲ. ಮೂರು ತೊಡಕುಗಳಿವೆ. ಎಲ್ಲ ತಳಿಗಳೂ ನಿಸಿನ್ ಮಾಡುವುದಿಲ್ಲ. ಮಾಡಿದರೂ ಅದು ಪ್ರೊಟೀನು, ನಮ್ಮ ಜೀರ್ಣರಸ ಅದನ್ನು ಕತ್ತರಿಸಿ ಹಾಕುತ್ತದೆ. ಮೂರನೆಯದು ಇನ್ನೂ ದೊಡ್ಡದು. ನಮ್ಮ ಕಡೆ ಭೇದಿ ತರುವ ಕಾಲರಾ, ಶಿಗೆಲ್ಲಾ, ಸಾಲ್ಮೊನೆಲ್ಲಾ, ಇ. ಕೋಲಿ ರೋಗಾಣುಗಳಿಗೆಲ್ಲ ಹೊರಗೆ ಇನ್ನೊಂದು ಪೊರೆ ಇದೆ. ನಿಸಿನ್ ಅದನ್ನು ದಾಟಲಾರದು. ಇನ್ನು ರೋಟಾವೈರಸ್ ಮಕ್ಕಳಿಗೆ ಬಂದರಂತೂ ಅದು ಬ್ಯಾಕ್ಟೀರಿಯಾವೇ ಅಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡ ಗೆಲುವನ್ನು ನೇರವಾಗಿ ಹೊಟ್ಟೆಗೆ ಅನ್ವಯಿಸುವವರು ಈ ಮೂರನ್ನೂ ಮರೆಯುತ್ತಾರೆ.

ಹೊಟ್ಟೆಯೊಳಗೇ ಬ್ಯಾಕ್ಟೀರಿಯೊಸಿನ್ ಕೆಲಸ ಮಾಡಬಲ್ಲದು ಎಂದು ತೋರಿಸಿದ ಪ್ರಯೋಗ ನಡೆದದ್ದು ಐರ್ಲೆಂಡಿನ ಕಾರ್ಕ್ ನಗರದಲ್ಲಿ, 2007ರಲ್ಲಿ. ಲ್ಯಾಕ್ಟೊಬ್ಯಾಸಿಲಸ್ ಸಲಿವೇರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಇಲಿಗಳಿಗೆ ತಿನ್ನಿಸಿ, ಆಮೇಲೆ ಲಿಸ್ಟೀರಿಯಾ ರೋಗಾಣು ಕೊಟ್ಟರು. ಇಲಿಗಳಿಗೆ ರಕ್ಷಣೆ ಸಿಕ್ಕಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ನೂರರಲ್ಲಿ ಇನ್ನೊಂದು ಪ್ರಯೋಗ ಆಗುತ್ತಿತ್ತು. ಅವರು ಅದೇ ತಳಿಯಿಂದ ಬ್ಯಾಕ್ಟೀರಿಯೊಸಿನ್ ಮಾಡುವ ಜೀನ್ ಒಂದನ್ನು ಮಾತ್ರ ಕೆಡಿಸಿ ಮತ್ತೆ ಪ್ರಯೋಗ ಮಾಡಿದರು. ಬ್ಯಾಕ್ಟೀರಿಯಾ ಅದೇ, ಸಂಖ್ಯೆ ಅದೇ, ಆದರೆ ಈ ಬಾರಿ ರಕ್ಷಣೆ ಇಲ್ಲ. ಕಾಯುತ್ತಿದ್ದದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ಸಿಗುವುದು ಕಷ್ಟ.

ಹೊರಪೊರೆ ಇರುವ ರೋಗಾಣುಗಳ ಎದುರು ನಿಲ್ಲುವವೂ ಇವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಒಬ್ಬ ಸೈನಿಕನನ್ನು ಗಮನಿಸಿದ. ಬಾಲ್ಕನ್ ಸೀಮೆಯ ಡೊಬ್ರುಜಾದಲ್ಲಿ ಜೊತೆಗಾರರೆಲ್ಲ ಆಮಶಂಕೆಯಲ್ಲಿ ನರಳುವಾಗ ಇವನಿಗೆ ಮಾತ್ರ ಏನೂ ಆಗಿರಲಿಲ್ಲ. 1917ರಲ್ಲಿ ಆ ಸೈನಿಕನ ಮಲದಿಂದ ಬೇರ್ಪಡಿಸಿದ ನಿರುಪದ್ರವಿ ಇ. ಕೋಲಿ ತಳಿ ಇಂದಿಗೂ ನಿಸ್ಲೆಯ ಹೆಸರಿನಲ್ಲಿ ಔಷಧವಾಗಿ ಮಾರಾಟವಾಗುತ್ತಿದೆ. ಅದರ ಗುಟ್ಟಿನ ಒಂದು ಭಾಗ ಬಯಲಾಗಲು ಸುಮಾರು ನೂರು ವರ್ಷ ಬೇಕಾಯಿತು. ಕರುಳು ಉರಿಯುವಾಗ ಅಲ್ಲಿ ಕಬ್ಬಿಣಾಂಶಕ್ಕೆ ಬರ ಬರುತ್ತದೆ. ಸಾಲ್ಮೊನೆಲ್ಲಾದಂಥ ರೋಗಾಣು ಹಸಿದು ಕಬ್ಬಿಣ ಒಳಗೆಳೆಯುವ ಬಾಗಿಲುಗಳನ್ನು ತೆರೆದಿಡುತ್ತದೆ. ನಿಸ್ಲೆ ತಳಿ ತಯಾರಿಸುವ ಮೈಕ್ರೊಸಿನ್ ಎಂಬ ಪುಟ್ಟ ಪ್ರೊಟೀನು ಅದೇ ಬಾಗಿಲಿನಿಂದ ಒಳಗೆ ನುಗ್ಗುತ್ತದೆ. 2016ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಇದನ್ನು ಇಲಿಗಳಲ್ಲಿ ತೋರಿಸಿತು. ಮೈಕ್ರೊಸಿನ್ ಮಾಡಲಾರದಂತೆ ಕೆಡಿಸಿದ ನಿಸ್ಲೆ ತಳಿಗೆ ಸಾಲ್ಮೊನೆಲ್ಲಾವನ್ನು ಹಿಮ್ಮೆಟ್ಟಿಸುವ ಶಕ್ತಿ ಕುಂದಿತ್ತು.

ಎಲ್ಲ ರಾಸಾಯನಿಕಗಳೂ ಕೊಲ್ಲುವುದಿಲ್ಲ. ಅದೇ 2016ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು ಎಂಟರೊಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾ ಹೊರಹಾಕುವ ಸ್ಯಾಗ್-ಎ ಎಂಬ ಕಿಣ್ವವನ್ನು ಗುರುತಿಸಿದರು. ಅದು ಬ್ಯಾಕ್ಟೀರಿಯಾದ ಗೋಡೆಯನ್ನು ಚೂರು ಮಾಡುತ್ತದೆ. ಆ ಚೂರುಗಳನ್ನು ನಮ್ಮ ದೇಹ ಗುರುತು ಹಿಡಿದು ಕರುಳಿನ ಪದರವನ್ನು ಬಿಗಿಮಾಡಿಕೊಳ್ಳುತ್ತದೆ. ಸಾಲ್ಮೊನೆಲ್ಲಾ ಸಾಯುವುದಿಲ್ಲ, ಆದರೆ ಒಳಗೆ ನುಗ್ಗಲಾರದು. ಆ ಕಿಣ್ವದ ಜೀನನ್ನು ಇನ್ನೊಂದು ಸಾಧು ಬ್ಯಾಕ್ಟೀರಿಯಾಕ್ಕೆ ಜೋಡಿಸಿದಾಗ ಅದೂ ಕಾವಲಿಗೆ ನಿಂತಿತು. ಎಂಟರೊಕಾಕಸ್ ಫೀಸಿಯಂನ ಕೆಲವು ತಳಿಗಳು ಆಸ್ಪತ್ರೆಗಳಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಸೋಂಕು ತರುತ್ತವೆ ಎಂಬುದನ್ನು ನೆನೆದರೆ, ಬ್ಯಾಕ್ಟೀರಿಯಾದ ಬದಲು ರಾಸಾಯನಿಕವನ್ನಷ್ಟೇ ಔಷಧ ಮಾಡಿಕೊಳ್ಳುವ ಆಸೆ ವಿಜ್ಞಾನಿಗಳಿಗೆ ಯಾಕೆ ಎಂಬುದು ತಿಳಿಯುತ್ತದೆ.

ಹಳ್ಳಿಯ ಜನರನ್ನೇ ನೋಡಿ ಹೊರಟ ಒಂದು ಅಧ್ಯಯನವೂ ಇಲ್ಲಿ ಹೇಳಬೇಕಾದದ್ದು. ಥಾಯ್ಲೆಂಡಿನ ಗ್ರಾಮೀಣ ಭಾಗದ 200 ಆರೋಗ್ಯವಂತರನ್ನು ಪರೀಕ್ಷಿಸಿದಾಗ, ಕರುಳಿನಲ್ಲಿ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇದ್ದ ಒಬ್ಬರಲ್ಲೂ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣು ಇರಲಿಲ್ಲ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾರಣವೂ ಸಿಕ್ಕಿತು. ಬ್ಯಾಸಿಲಸ್ ಬಿಡುವ ಫೆಂಜಿಸಿನ್ ಎಂಬ ವಸ್ತು, ಸ್ಟ್ಯಾಫಿಲೊಕಾಕಸ್‌ಗಳು ತಮ್ಮತಮ್ಮೊಳಗೆ ಕಳಿಸುವ ರಾಸಾಯನಿಕ ಸಂದೇಶವನ್ನು ತಡೆಯುತ್ತದೆ. ಸಂದೇಶ ತಲುಪದೆ ಅವು ಕರುಳಿನಲ್ಲಿ ನೆಲೆಯೂರಲಾರವು.

ಇಷ್ಟೆಲ್ಲ ಇಲಿಗಳ, ತಟ್ಟೆಗಳ, ದೂರದೇಶಗಳ ಮಾತಾಯಿತು. ನಮ್ಮ ದಕ್ಷಿಣದಲ್ಲೇ, ರೋಗಿಗಳ ಮೇಲೇ ನಡೆದ ಒಂದು ಪ್ರಯೋಗ ಇದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದರಷ್ಟು ನಮಗೆ ಹತ್ತಿರವಾದದ್ದು ಇನ್ನೊಂದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಬಿ.ಎಸ್. ರಾಮಕೃಷ್ಣ ಮತ್ತು ಅವರ ತಂಡ ಕಾಲರಾ ಬಂದ 48 ಹದಿಹರೆಯದವರು ಹಾಗೂ ವಯಸ್ಕರನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಮಾಮೂಲಿ ಓಆರ್‌ಎಸ್, ಇನ್ನೊಂದಕ್ಕೆ ಅಕ್ಕಿಹಿಟ್ಟು ಸೇರಿಸಿದ್ದು, ಮೂರನೆಯದಕ್ಕೆ ಲೀಟರಿಗೆ 50 ಗ್ರಾಂನಂತೆ ಗೋವಿನಜೋಳದ ಒಂದು ವಿಶೇಷ ಪಿಷ್ಟ ಸೇರಿಸಿದ್ದು. ಆ ಪಿಷ್ಟದ ವಿಶೇಷವೆಂದರೆ ಸಣ್ಣಕರುಳಿನಲ್ಲಿ ಅದು ಅರಗುವುದಿಲ್ಲ. ಹಾಗೇ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿ ಮೊದಲಿನಿಂದ ವಾಸವಾಗಿರುವ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಈ ಆಮ್ಲಗಳನ್ನು ಕರುಳು ಹೀರುವಾಗ ಉಪ್ಪನ್ನೂ, ಉಪ್ಪಿನ ಹಿಂದೆ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕಾಲರಾ ಕೊಲ್ಲುವುದು ನೀರು ಹರಿದುಹೋಗುವುದರಿಂದ. ಇಲ್ಲಿ ನಮ್ಮದೇ ಬ್ಯಾಕ್ಟೀರಿಯಾಗಳ ರಾಸಾಯನಿಕ ಆ ನೀರನ್ನು ಮರಳಿ ತರುತ್ತದೆ. 2000ನೇ ಇಸವಿಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಾಮೂಲಿ ಓಆರ್‌ಎಸ್ ಕುಡಿದವರಲ್ಲಿ ಭೇದಿ ನಿಲ್ಲಲು ಸರಾಸರಿ ಸುಮಾರು 91 ಗಂಟೆ ಹಿಡಿದರೆ, ಈ ಪಿಷ್ಟ ಸೇರಿಸಿದ್ದನ್ನು ಕುಡಿದವರಲ್ಲಿ ಸುಮಾರು 57 ಗಂಟೆ ಸಾಕಾಯಿತು. ಅವರಿಗೆ ಹೊರಗಿನಿಂದ ಒಂದೇ ಒಂದು ಬ್ಯಾಕ್ಟೀರಿಯಾ ಕೊಟ್ಟಿರಲಿಲ್ಲ. ಒಳಗಿದ್ದವಕ್ಕೆ ಕೂಳು ಹಾಕಿದ್ದರು, ಅಷ್ಟೆ.

ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳ. ಹಾಗಂತ ಹಿರೇಕೆರೂರಿನ ಗೋವಿನಜೋಳದ ಹಿಟ್ಟು ಕಲಸಿ ಕುಡಿದರೆ ಕಾಲರಾ ವಾಸಿ ಎಂದು ಯಾರೂ ಹೊರಡಬಾರದು. ವೆಲ್ಲೂರಿನವರು ಬಳಸಿದ್ದು ಅಮೈಲೋಸ್ ಎಂಬ ಅಂಶ ಹೆಚ್ಚಿರುವ ಬೇರೆ ಬಗೆಯ ಗೋವಿನಜೋಳದ ಪಿಷ್ಟ. ಆದರೆ ಬೇಯಿಸಿ ಆರಿಸಿದ ಅನ್ನ, ನುಚ್ಚು, ಕಾಳುಗಳಲ್ಲಿ ಅರಗದ ಪಿಷ್ಟದ ಒಂದಂಶ ಇದ್ದೇ ಇರುತ್ತದೆ. ರಾತ್ರಿ ಮಾಡಿದ ಜೋಳದ ನುಚ್ಚಿಗೆ ಬೆಳಿಗ್ಗೆ ಮಜ್ಜಿಗೆ ಕಲಸಿ ಹೊಲಕ್ಕೆ ಹೋಗುತ್ತಿದ್ದವರ ಊಟವನ್ನು ಈ ಕಣ್ಣಿನಿಂದ ನೋಡಿದರೆ, ಅದರಲ್ಲಿ ಮಜ್ಜಿಗೆಗಿಂತ ನುಚ್ಚಿಗೇ ಹೆಚ್ಚು ಗೌರವ ಸಲ್ಲಬೇಕೆನಿಸುತ್ತದೆ. ಪ್ರೊಬಯಾಟಿಕ್ ಪೊಟ್ಟಣಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಕಾಳು-ಕಡಿ, ಸೊಪ್ಪಿಗೆ ಹೋದರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಲಾಭ.

ಪೊಟ್ಟಣದ ವಿಷಯದಲ್ಲಿ ದೊಡ್ಡ ಪ್ರಯೋಗಗಳು ಏನು ಹೇಳಿವೆ? ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ 1ರಿಂದ 5 ವರ್ಷದ 3,758 ಮಕ್ಕಳಿಗೆ 12 ವಾರ ದಿನವೂ ಪ್ರೊಬಯಾಟಿಕ್ ಪಾನೀಯ ಇಲ್ಲವೇ ಪೋಷಕ ಪಾನೀಯ ಕೊಟ್ಟು ನೋಡಿದಾಗ, ಪ್ರೊಬಯಾಟಿಕ್ ಕುಡಿದವರಲ್ಲಿ ಭೇದಿ ಶೇ 14ರಷ್ಟು ಕಡಿಮೆಯಾಗಿತ್ತು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಗಟ್ಟಿ. ಆಯ್ದ ಒಂದು ತಳಿಯನ್ನು ಅದರ ಆಹಾರವಾದ ಒಂದು ಸಕ್ಕರೆಯ ಜೊತೆ ಏಳು ದಿನ ಕೊಟ್ಟಾಗ, ರಕ್ತದ ನಂಜು ಅಥವಾ ಸಾವು ಕಂಡ ಶಿಶುಗಳ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ಇದು ಸಂಶೋಧಕರ ಕಣ್ಗಾವಲಿನಲ್ಲಿ, ಆಯ್ದ ಆರೋಗ್ಯವಂತ ಶಿಶುಗಳ ಮೇಲೆ ನಡೆದ ಕೆಲಸ. ಅವಧಿಗೆ ಮೊದಲು ಹುಟ್ಟಿದ ಕೂಸುಗಳಿಗೆ ಪ್ರೊಬಯಾಟಿಕ್ ಕೊಡುವುದರಲ್ಲಿ ಅಪಾಯವಿದೆ ಎಂದು ಅಮೆರಿಕದ ಔಷಧ ಆಡಳಿತ 2023ರಲ್ಲಿ ಎಚ್ಚರಿಸಿದೆ. ಎಳೆಗೂಸಿನ ಬಾಯಿಗೆ ನಾವೇ ಪುಡಿ ಹಾಕುವುದು ಬೇಡವೇ ಬೇಡ.

ಮತ್ತೊಂದು ಕಡೆ, 2018ರಲ್ಲಿ ಅಮೆರಿಕದ 971 ಮತ್ತು ಕೆನಡಾದ 886 ಮಕ್ಕಳ ಮೇಲೆ ನಡೆದ ಎರಡು ಪ್ರಯೋಗಗಳಲ್ಲಿ, ವಾಂತಿ-ಭೇದಿ ಶುರುವಾದ ಮೇಲೆ ಕೊಟ್ಟ ಹೆಸರಾಂತ ಪ್ರೊಬಯಾಟಿಕ್‌ಗಳು ಏನೂ ಇಲ್ಲದ ಪುಡಿಗಿಂತ ಒಂದಿಷ್ಟೂ ಮೇಲಾಗಲಿಲ್ಲ. ಸಿಕ್ಕ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿದ 2020ರ ಕಾಕ್ರೇನ್ ವಿಮರ್ಶೆಯೂ ಹೆಚ್ಚುಕಡಿಮೆ ಇದೇ ತೀರ್ಪು ಕೊಟ್ಟಿತು. ಆಂಟಿಬಯಾಟಿಕ್ ತಿಂದು ಬರುವ ಭೇದಿಯನ್ನು ಮಕ್ಕಳಲ್ಲಿ ತಡೆಯುವ ವಿಷಯದಲ್ಲಿ ಮಾತ್ರ ಪುರಾವೆ ಚೆನ್ನಾಗಿದೆ: ಕೊಡದವರಲ್ಲಿ ಶೇ 19, ಕೊಟ್ಟವರಲ್ಲಿ ಶೇ 8.

ಇಷ್ಟೊಂದು ಏರುಪೇರು ಯಾಕೆ? ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಬ್ಯಾಡಗಿಯದೂ ಮೆಣಸಿನಕಾಯಿ, ಗುಂಟೂರಿನದೂ ಮೆಣಸಿನಕಾಯಿ. ಬಣ್ಣ ಬೇಕಾದವನು ಒಂದನ್ನು ಕೊಳ್ಳುತ್ತಾನೆ, ಖಾರ ಬೇಕಾದವನು ಇನ್ನೊಂದನ್ನು. ಬ್ಯಾಕ್ಟೀರಿಯಾ ತಳಿಗಳ ಲೆಕ್ಕವೂ ಹಾಗೆಯೇ. ಜಪಾನಿನವರು 2011ರಲ್ಲಿ ತೋರಿಸಿದಂತೆ, ಬೈಫಿಡೊಬ್ಯಾಕ್ಟೀರಿಯಂನ ಒಂದು ತಳಿ ಇಲಿಗಳನ್ನು ಮಾರಕ ಇ. ಕೋಲಿಯಿಂದ ಉಳಿಸಿತು, ಹತ್ತಿರದ ನೆಂಟನಂತಿದ್ದ ಇನ್ನೊಂದು ಉಳಿಸಲಿಲ್ಲ. ಉಳಿಸಿದ ತಳಿಗೆ ದೊಡ್ಡಕರುಳಿನ ಕೊನೆಯವರೆಗೂ ಸಕ್ಕರೆ ಹಿಡಿದು ಸಾಕಷ್ಟು ಅಸಿಟೇಟ್ ತಯಾರಿಸುವ ಶಕ್ತಿಯಿತ್ತು, ವ್ಯತ್ಯಾಸ ಅಷ್ಟೆ. ಆದ್ದರಿಂದ ಪೊಟ್ಟಣ ಕೊಳ್ಳುವವರು ತಳಿಯ ಪೂರ್ತಿ ಹೆಸರು, ಸಂಖ್ಯೆ ಬರೆದಿದೆಯೇ ನೋಡಬೇಕು. ಪ್ರೊಬಯಾಟಿಕ್ ಆಹಾರ ಎಂದು ಮಾರಬೇಕಾದರೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮನೆಯ ಹೆಪ್ಪಿಗೆ ಇಂಥ ಲೆಕ್ಕ ಅನ್ವಯಿಸದು; ಅದು ಓಣಿಯಿಂದ ಓಣಿಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಬದಲಾಗುತ್ತಲೇ ಇರುತ್ತದೆ.

ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳೇ? ಸುಳ್ಳಲ್ಲ. ಉಪ್ಪು ಹಾಕಿದ ಮಜ್ಜಿಗೆಯನ್ನು ಭೇದಿಯ ಕಾಲದಲ್ಲಿ ಮನೆಯಲ್ಲೇ ಕೊಡಬಹುದಾದ ದ್ರವಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸೇರಿಸಿದೆ. ಆದರೆ ಅದಕ್ಕೆ ಆ ಜಾಗ ಕೊಟ್ಟದ್ದು ಬ್ಯಾಕ್ಟೀರಿಯಾ ಅಲ್ಲ, ಅದರಲ್ಲಿರುವ ನೀರು ಮತ್ತು ಉಪ್ಪು. ಜೊತೆಗೆ ಹಾಲಿನ ಸಕ್ಕರೆಯ ಒಂದಷ್ಟನ್ನು ಬ್ಯಾಕ್ಟೀರಿಯಾಗಳು ಮೊದಲೇ ತಿಂದಿರುವುದರಿಂದ ಸೋತ ಕರುಳಿಗೆ ಹಾಲಿಗಿಂತ ಮೊಸರು ಹಗುರ.

ಇಲ್ಲೇ ನಾವು ಎಡವುವ ಜಾಗವೂ ಇರುವುದು. ಹಾಲು ಕಾಯಿಸುತ್ತೇವೆ, ಹೆಪ್ಪು ಹಾಕುತ್ತೇವೆ, ಹುಳಿ ಮೊಸರನ್ನು ಕಾಯುತ್ತದೆ. ಆಮೇಲೆ ಕಡೆದು ಮಜ್ಜಿಗೆ ಮಾಡುವಾಗ ನಲ್ಲಿಯ ಅಥವಾ ಬೋರಿನ ಹಸಿನೀರನ್ನು ಒಂದಕ್ಕೆ ಮೂರರಂತೆ ಸುರಿಯುತ್ತೇವೆ. ಹುಳಿ ತೆಳುವಾಗುತ್ತದೆ, ನೀರಿನಲ್ಲಿದ್ದದ್ದು ಒಳಗೆ ಸೇರುತ್ತದೆ. ಜಾತ್ರೆಯ ಅರವಟ್ಟಿಗೆಯಲ್ಲಿ ಇದರ ಮೇಲೆ ಬರ್ಫದ ಗಡ್ಡೆಯೂ ಬೀಳುತ್ತದೆ. ಸವಣೂರಿನ ಖಾರ ತಿಂದು ಆ ಮಜ್ಜಿಗೆ ಕುಡಿದವನ ಹೊಟ್ಟೆ ಕೆಟ್ಟರೆ ಎಲ್ಲರೂ ಖಾರವನ್ನು ಬೈಯುತ್ತಾರೆ, ನೀರನ್ನು ಯಾರೂ ಬೈಯುವುದಿಲ್ಲ.

ಕರುಳಿನ ರೋಗಾಣು ಹಿಡಿಯುವ ದಾರಿ ಮಲದಿಂದ ಬಾಯಿಗೆ. ಆ ದಾರಿಯನ್ನು ಮುಚ್ಚುವ ಕೆಲಸ ಯಾವ ಬ್ಯಾಕ್ಟೀರಿಯಾದ್ದೂ ಅಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2010ರ ಜುಲೈನಲ್ಲಿ ಸವಣೂರು ಪುರಸಭೆಯ ಮುಂದೆ, ತಲೆಮಾರುಗಳಿಂದ ಊರಿನ ಮಲ ಬಳಿದು ಬದುಕಿದ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಅದೇ ಮಲವನ್ನು ಮೈಮೇಲೆ ಸುರಿದುಕೊಂಡರು. ಊರಿನ ಕೊಳೆ ಎಲ್ಲಿಗೆ ಹೋಗುತ್ತದೆ, ಯಾರ ಕೈಯಲ್ಲಿ ಹೋಗುತ್ತದೆ ಎಂಬುದನ್ನು ಬಿಟ್ಟು ಕರುಳಿನ ಆರೋಗ್ಯದ ಮಾತಾಡುವುದು ಅರ್ಧ ಮಾತು.

ಮನೆಯಲ್ಲಿ ಯಾರಿಗಾದರೂ ಭೇದಿ ಹತ್ತಿದರೆ ಮೊದಲು ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೇ ಕಲಸಿ. ಸಕ್ಕರೆ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯುವುದನ್ನು 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಲಾಗಿದೆ, ಆದರೂ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿಕೊಳ್ಳಿ. ಮಕ್ಕಳಿಗೆ 14 ದಿನ ಸತುವಿನ ಮಾತ್ರೆ ಕೊಡಿಸಿ. ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಸಿಗುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಜ್ಜಿಗೆ ಧಾರಾಳವಾಗಿ ಕುಡಿಸಿ, ಆದರೆ ಅದಕ್ಕೆ ಸುರಿಯುವ ನೀರನ್ನು ಹಾಲಿನಂತೆಯೇ ಕಾಯಿಸಿ ಆರಿಸಿ.